ಕನ್ನಡಿ ಕೋಣೆಯ ತಂಗಿ

ಚಾಕು ಹಿಡಿದ ನೂರು ಮಂದಿ ನನ್ನತ್ತ ಬರುತ್ತಿದ್ದರು!

ನಿಜವಾದವನು ಒಬ್ಬನೇ. ಯಾವನು?

ಮ್ಯೂಸಿಯಮ್ಮಿನ ಮೂರನೇ ಮಹಡಿ. ಮಟಮಟ ಮಧ್ಯಾಹ್ನ. ನಾಲ್ಕೂ ಗೋಡೆ ಕನ್ನಡಿ, ಛಾವಣಿಯೂ ಕನ್ನಡಿ. ಮೇಲಿಂದ ಇಳಿಬಿಟ್ಟ ಸಾವಿರ ಪುಟ್ಟ ಬಲ್ಬು. ಕೆಳಗೆ ಪಾದ ಮುಳುಗುವಷ್ಟು ನೀರು. ಜನ ಚಪ್ಪಲಿ ಕಳಚಿ ಬಂದು ಮೈಮರೆಯುವ ಜಾಗ. ನಾನೂ ಬರಿಗಾಲಲ್ಲೇ ನಿಂತಿದ್ದೆ... ಸಾಯಲು!

ನನ್ನ ಬೆನ್ನ ಹಿಂದೆ ಆ ಕೋಣೆಯ ಅಟೆಂಡೆಂಟ್. ಅವಳನ್ನು ಆ ಚಾಕುವಿನವನಿಗೆ ಹುಡುಕಿಕೊಟ್ಟವನೂ ನಾನೇ.

ಕಾಣೆಯಾದವರ ಪತ್ತೆ ನನ್ನ ಕಸುಬು. ಒಂದು ವಾರದ ಹಿಂದೆ ಅವನು ನನ್ನ ಆಫೀಸಿನಲ್ಲಿ ಕೂತು ಕಣ್ಣೊರೆಸಿಕೊಂಡಿದ್ದ. "ನನ್ ತಂಗಿ ಸಾರ್... ಅಮ್ಮ ಊಟಾನೇ ಬಿಟ್ಟಿದ್ದಾರೆ." ಮೂರೇ ದಿನದಲ್ಲಿ ಹುಡುಕಿದೆ. ಆ ಮಧ್ಯಾಹ್ನ ಅವನಿಗೆ ಫೋನ್ ಮಾಡಿ ಜಾಗ ಹೇಳಿ, ಅವಳಿಗೂ ಒಂದು ಮಾತು ತಿಳಿಸೋಣವೆಂದು ಒಳಗೆ ಬಂದೆ. ಎರಡು ಬ್ಯಾಚಿನ ನಡುವಿನ ಬಿಡುವು. ಅವಳೊಬ್ಬಳೇ ಇದ್ದಳು.

"ನಿಮ್ಮಣ್ಣ ಬರ್ತಿದ್ದಾರಮ್ಮ."

ಅವಳ ಮುಖ ಬಿಳಿಚಿತು. "ನನಗೆ ಅಣ್ಣನೇ ಇಲ್ಲ!"

ನನ್ನ ತೋಳು ಹಿಡಿದು ಅವಳೇ ಕೇಳಿದಳು.

"ಹುಬ್ಬಿನ ಮೇಲೆ ಗಾಯದ ಗುರುತಿದ್ಯಾ ಅವನಿಗೆ?"

"ಇದೆ..."

"ನನ್ ಗಂಡ! ತಪ್ಪಿಸ್ಕೊಂಡು ಬಂದ ದಿನ ನಾನೇ ಹೊಡ್ದಿದ್ದು!"

ಅಷ್ಟರಲ್ಲಿ ಬಾಗಿಲು ತೆರೆಯಿತು. ಅವನೇ! ಕೈಯಲ್ಲಿ ಚಾಕು.

"ಪಕ್ಕಕ್ಕೆ ಸರಿಯೋ! ಇದು ಗಂಡ ಹೆಂಡ್ತಿ ವಿಷ್ಯ."

"ನಿನ್ನೆವರೆಗೂ ತಂಗಿ ಆಗಿದ್ಲಲ್ಲ?"

ಅವನು ನುಗ್ಗಿದ. ಗುರಿಯಿಟ್ಟು ಗುದ್ದಿದೆ. ಮುಷ್ಟಿ ಕನ್ನಡಿಗೆ ಬಡಿಯಿತು! ಹಿಂದಿನಿಂದ ಬಂದ ಚಾಕು ತೋಳು ಸೀಳಿತು.

"ಲೈಟ್ ಆರಿಸು!" ಅರಚಿದೆ.

ರಿಮೋಟ್ ಅವಳ ಕೈಯಲ್ಲೇ ಇತ್ತು. ಕ್ಲಿಕ್!

ಕಗ್ಗತ್ತಲು. ನೂರು ಮಂದಿಯೂ ಮಾಯ. ಉಳಿದದ್ದು ಒಂದೇ ಸದ್ದು. ಪಚಕ್... ಪಚಕ್... ನೀರಿನಲ್ಲಿ ಹೆಜ್ಜೆ.

ಬಲಗಡೆ!

ಮೈಭಾರವನ್ನೆಲ್ಲ ಹಾಕಿ ಹಾರಿದೆ. ಅವನು ಮಕಾಡೆ ಬಿದ್ದ. ಬೆನ್ನ ಮೇಲೆ ಕೂತೆ. ಚಾಕು ಎಲ್ಲೋ ಜಾರಿತು.

ದೀಪ ಹತ್ತಿದಾಗ ಅದು ಅವಳ ಕೈಯಲ್ಲಿತ್ತು. ಮೊನೆ ಅವನ ಕುತ್ತಿಗೆಯತ್ತ.

"ಬೇಡಮ್ಮ," ಎಂದೆ. "ಇವನಿಗೋಸ್ಕರ ನೀನು ಜೈಲಿಗೆ ಹೋಗ್ಬೇಡ."

ಅವಳು ಮೆಲ್ಲಗೆ ಕೈ ಇಳಿಸಿದಳು.

ಪೊಲೀಸರು ಅವನನ್ನು ಎಳೆದೊಯ್ದರು.

"ಎಷ್ಟು ದಿನ ಒಳಗಿರ್ತಾನೆ?" ಕೇಳಿದಳು.

"ಹೆಚ್ಚಂದ್ರೆ ಎರಡು ವರ್ಷ."

"ಆಮೇಲೆ ನಿನ್ನಂಥ ಇನ್ನೊಬ್ಬನ್ನ ಹಿಡೀತಾನೆ. ಹುಡುಕೋದು ಗೊತ್ತಲ್ಲ ನಿಂಗೆ... ಈಗ ನನ್ನನ್ನ ಯಾರಿಗೂ ಸಿಗದ ಹಾಗೆ ಮಾಡು!"

ತೋಳಿಗೆ ಹೊಲಿಗೆ ಹಾಕಿಸಿಕೊಂಡು ಅಂದೇ ಕೆಲಸಕ್ಕಿಳಿದೆ.

ಈಗ ಅವಳು ಎಲ್ಲಿದ್ದಾಳೆಂದು ಕೇಳಬೇಡಿ. ನನಗೂ ಗೊತ್ತಿಲ್ಲ... ಕೆಲಸ ಅಷ್ಟು ಚೊಕ್ಕಟವಾಗಿದೆ!