ತಂದೆಯ ಹೆಸರು ಕಡ್ಡಾಯ

"ತಂದೆಯ ಹೆಸರು ಕಡ್ಡಾಯ" ಎಂದು ಕಂಪ್ಯೂಟರ್ ಐದನೇ ಸಲ ಕೆಂಪಕ್ಷರದಲ್ಲಿ ತೋರಿಸಿತು.

ಕವನ ಕೀಬೋರ್ಡಿನಿಂದ ಕೈ ತೆಗೆದಳು. "ಬುಡ್ತಾ ಇಲ್ಲ ಸಾ."

ಅದು 2008. ಹುಲ್ಲಹಳ್ಳಿಯ ಆ ಶಾಲೆಗೆ ಕಂಪ್ಯೂಟರ್ ಬಂದು ಎರಡು ವರ್ಷವಾಗಿತ್ತು. ಅದರಲ್ಲಿ ಒಂದೂವರೆ ವರ್ಷ ಅದು ಬಟ್ಟೆ ಹೊದ್ದು ಮಲಗಿತ್ತು. ಈಗ ಮೈಸೂರಿನ ಗಣಿತ ಶಿಬಿರಕ್ಕೆ ಮಕ್ಕಳ ಹೆಸರನ್ನು ಇಂಟರ್ನೆಟ್ಟಿನಲ್ಲೇ ಕಳಿಸಬೇಕಿತ್ತು. ಶಾಲೆಯಿಂದ ಆಯ್ಕೆಯಾದವಳು ಏಳನೇ ಕ್ಲಾಸಿನ ಕವನ ಒಬ್ಬಳೇ. ಅಂದು ಸಂಜೆ ಐದು ಗಂಟೆಗೆ ಗಡುವು ಮುಗಿಯುತ್ತಿತ್ತು.

ಹೆಸರು ಕಳಿಸುವ ಪ್ರೋಗ್ರಾಂ ಮಾಡಿದವರು ಕಂಪ್ಯೂಟರ್ ಮೇಷ್ಟ್ರು ಬಸವೇಶ್. ಮಾಡಿದವರು ಅಂದರೆ ಮಾಡಿಸಿದವರು. ಶಿಬಿರದ ಆಫೀಸಿನಿಂದ ಒಂದು ಫೈಲ್ ಬಂದಿತ್ತು. ಅಲ್ಲಿನ ಕಂಪ್ಯೂಟರನ್ನು ಹೇಗೆ ಮಾತಾಡಿಸಬೇಕು, ಏನೇನು ವಿವರ ಕೊಡಬೇಕು, ಅದು ಏನು ಉತ್ತರ ಕೊಡುತ್ತದೆ, ಎಲ್ಲ ಅದರಲ್ಲಿತ್ತು. ಆ ಫೈಲನ್ನು ಒಂದು ಸಾಫ್ಟ್‌ವೇರಿಗೆ ಕೊಟ್ಟರೆ ಸಾಕು, ಮಾತಾಡಿಸುವ ಕೋಡನ್ನು ಅದೇ ಬರೆದುಬಿಡುತ್ತಿತ್ತು.

"ಒಂಬೈನೂರು ಲೈನು ಕೋಡು. ನಾನು ಒಂದಕ್ಷರ ಬರೀಲಿಲ್ಲ," ಎಂದು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಮೂರು ದಿನ ಹೇಳಿಕೊಂಡಿದ್ದರು. ಒಂದಕ್ಷರವೂ ಬರೆಯದೆ ಹೆಮ್ಮೆಪಡುವುದನ್ನು ಕವನ ಹೋಮ್‌ವರ್ಕಿನಲ್ಲಿ ಒಮ್ಮೆ ಮಾಡಿ ನೋಡಿದ್ದಳು. ಆಗ ಮೇಷ್ಟ್ರು ಮೆಚ್ಚಿರಲಿಲ್ಲ.

"ಅಪ್ಪನ ಹೆಸ್ರು ಹಾಕವ್ವ," ಎಂದರು ಮೇಷ್ಟ್ರು.

"ಇಲ್ಲ ಸಾ. ರಿಜಿಸ್ಟ್ರಲ್ಲೂ ಅವ್ವನ ಹೆಸ್ರೇ ಇರೋದು."

ಹೆಡ್‌ಮಾಸ್ಟರ್ ಬಂದು ಸಮಸ್ಯೆ ಕೇಳಿದರು. ತಕ್ಷಣ ಪರಿಹಾರ ಕೊಟ್ಟರು. ಯೋಚಿಸುವ ಅಭ್ಯಾಸ ಇಲ್ಲದ್ದರಿಂದ ಅವರ ಪರಿಹಾರಗಳು ಬೇಗ ಬರುತ್ತಿದ್ದವು.

"ಶ್ರೀಕಂಠ ಅಂತ ಹಾಕಿ ಕಳ್ಸಿ. ದೇವ್ರು ಎಲ್ರಿಗೂ ತಂದೆ ತಾನೆ?"

"ಸರ್ಟಿಫಿಕೇಟಲ್ಲೂ ಅದೇ ಬತ್ತದಾ ಸಾ?" ಕವನ ಕೇಳಿದಳು.

"ಬತ್ತದೆ."

ಕವನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಬಾಗಿಲಲ್ಲಿ ಅವಳ ಅವ್ವ ಮಂಚಮ್ಮ ನಿಂತಿದ್ದಳು. ಆಕೆ ಅದೇ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಪಾತ್ರೆ ತೊಳೆದ ಕೈ ಇನ್ನೂ ಒದ್ದೆಯಾಗಿತ್ತು.

"ಯಾಕ್ ಸಾ, ಅವ್ವ ಇರೋದು ಸಾಲ್ದಂತಾ ಅದ್ಕೆ?"

"ನಾನಲ್ಲ ಮಂಚಮ್ಮ. ಕೋಡು ಬರ್ದಿರೋದು ಮಿಷಿನ್ನು," ಎಂದರು ಬಸವೇಶ್. ಮೂರು ದಿನ ಅವರದಾಗಿದ್ದ ಕೋಡು ಆ ಕ್ಷಣಕ್ಕೆ ಮಿಷಿನ್ನಿನದಾಯಿತು.

ಕವನ ತಲೆ ಎತ್ತಿದಳು. "ಮಿಷಿನ್‌ಗೆ ಯೋಳ್ದೋರು ಯಾರು ಸಾ?"

"ಆ ಫೈಲು."

"ಫೈಲ್ ಬರ್ದೋರು?"

ಮೇಷ್ಟ್ರು ಫೈಲ್ ತೆರೆದರು. ಮೂರು ದಿನದಲ್ಲಿ ಅವರು ಅದನ್ನು ಓದುತ್ತಿದ್ದದ್ದು ಅದೇ ಮೊದಲು. ತಂದೆಯ ಹೆಸರು ಬೇಕೇ ಬೇಕು, ತಾಯಿಯ ಹೆಸರು ಇಲ್ಲದಿದ್ದರೂ ನಡೆಯುತ್ತದೆ ಎಂದು ಅದರಲ್ಲಿತ್ತು. ಮೇಲ್ಗಡೆ ಚೈತ್ರ ಎಂಬ ಹೆಸರು, ಒಂದು ಫೋನ್ ನಂಬರ್.

ಮೇಷ್ಟ್ರು ಮೊಬೈಲಿನಲ್ಲಿ ನಂಬರ್ ಒತ್ತಿ ಕವನಳ ಕೈಗೇ ಕೊಟ್ಟರು. ಇಂಥ ಹೊತ್ತಿನಲ್ಲಿ ಮಕ್ಕಳಿಗೆ ಜವಾಬ್ದಾರಿ ಕಲಿಸುವುದು ಒಳ್ಳೆಯದು.

"ಮೇಡಂ, ನಾನು ಹುಲ್ಲಹಳ್ಳಿ ಕವನ. ತಂದೆ ಹೆಸ್ರು ಬೇಕೇ ಬೇಕು ಅಂತ ಯಾಕ್ ಬರ್ದಿದ್ದೀರ? ನಂಗೆ ಅವ್ವ ಅವ್ರೆ."

ಆ ಕಡೆ ಹಾಳೆ ತಿರುವಿದ ಸದ್ದು ಕೇಳಿಸಿತು.

"ಯಾಕೆ ಅಂದ್ರೆ... ಹಳೇ ಫಾರಂನಲ್ಲಿ ಹಂಗಿತ್ತಮ್ಮ. ನೋಡ್ಕೊಂಡು ಟೈಪ್ ಮಾಡ್ಬಿಟ್ಟೆ," ಎಂದರು ಚೈತ್ರ. "ಇದುವರ್ಗೂ ಯಾರೂ ಕೇಳಿರ್ಲಿಲ್ಲ. ಇಲ್ಲಿನ ಕಂಪ್ಯೂಟರಲ್ಲೂ ಸರಿ ಮಾಡಿ ಬೇರೆ ಫೈಲ್ ಕಳಿಸ್ತೀನಿ, ಇರು."

ಐದಕ್ಕೆ ಹತ್ತು ನಿಮಿಷ ಇರುವಾಗ ಹೊಸ ಫೈಲ್ ಬಂತು. ಬದಲಾಗಿದ್ದದ್ದು ಎರಡೇ ಅಂಕಿ: ತಂದೆಯ ಹೆಸರು ಬೇಕೇ ಬೇಕು ಎನ್ನುತ್ತಿದ್ದ 1 ಈಗ 0 ಆಗಿತ್ತು, ತಾಯಿಯ ಹೆಸರಿಗಿದ್ದ 0 ಈಗ 1 ಆಗಿತ್ತು. ಸಾಫ್ಟ್‌ವೇರ್ ಚಕಾರವೆತ್ತದೆ ಹೊಸ ಕೋಡ್ ಬರೆದುಕೊಟ್ಟಿತು. ಕವನ ತಾಯಿಯ ಹೆಸರಿನ ಮುಂದೆ ಮಂಚಮ್ಮ ಎಂದು ಟೈಪ್ ಮಾಡಿ, ತಂದೆಯ ಜಾಗವನ್ನು ಹಾಗೇ ಬಿಟ್ಟಳು. ಹೆಸರು ಹೋಯಿತು.

"ಟೆಕ್ನಾಲಜಿ ಅಂದ್ರೆ ಇದು," ಎಂದು ಮೇಷ್ಟ್ರು ಹೆಡ್‌ಮಾಸ್ಟರಿಗೆ ಹೇಳುತ್ತಿದ್ದರು. ಮಂಚಮ್ಮ ಮಗಳ ತಲೆ ಸವರಿ ಪಾತ್ರೆಗಳ ಕಡೆ ನಡೆದಳು.

ಮುಂದಿನ ವಾರ ಕವನ ಸದಸ್ಯಳಾಗಲು ಊರಿನ ಲೈಬ್ರರಿಗೆ ಹೋದಳು. ಅಲ್ಲಿ ಕೊಟ್ಟ ಫಾರಂನ ಎರಡನೇ ಸಾಲಿನಲ್ಲಿ "ತಂದೆ ಅಥವಾ ಗಂಡನ ಹೆಸರು" ಎಂದಿತ್ತು. ಹೋದ ವಾರವಾಗಿದ್ದರೆ ಫಾರಂ ಮಡಚಿಟ್ಟು ಮನೆಗೆ ಹೋಗುತ್ತಿದ್ದಳು.

ಹಾಳೆಯನ್ನು ತಿರುಗಿಸಿ ನೋಡಿದಳು. ಅಡಿಯಲ್ಲಿ ಯಾರ ಹೆಸರೂ ಇರಲಿಲ್ಲ. ಪೆನ್ನಿನ ಕ್ಯಾಪ್ ಹಾಕಿ ಲೈಬ್ರರಿಯನ್ನರ ಟೇಬಲ್ಲಿನ ಹತ್ತಿರ ಹೋದಳು.

"ಸಾ, ಈ ಸಾಲಿನ ಬಗ್ಗೆ ಯಾರ್ನ ಕೇಳ್ಬೇಕು?"