ಹಿಗ್ಗದ ಬೆಲ್ಟ್

ಬೆಳಗ್ಗೆ ಎಂಟೂವರೆಗೆ ರಕ್ಷಣಾ ದಳದ ಕಚೇರಿಯಲ್ಲಿ ವೈರ್‌ಲೆಸ್ ಕಿರುಗುಟ್ಟಿತು. ಜವುಗಿನ ಆಚೆ, ಗುಡ್ಡದ ಮೇಲಿನ ಕಾವಲು ಗೋಪುರದ ಏಣಿಯಿಂದ ಕಾವಲುಗಾರ ಜಾರಿ ಬಿದ್ದಿದ್ದ. ತೊಡೆಯ ಮೂಳೆ ಮುರಿದಿದೆ, ಪಾದ ತಣ್ಣಗಾಗುತ್ತಿದೆ ಎಂದು ಅವನೇ ಹಲ್ಲು ಕಚ್ಚಿಕೊಂಡು ತಿಳಿಸಿದ. ಗುಡ್ಡವನ್ನು ಮಂಜು ಮುಚ್ಚಿದ್ದರಿಂದ ಹೆಲಿಕಾಪ್ಟರ್ ಹಾರುವಂತಿರಲಿಲ್ಲ.

"ಸಂಜೆ ನಾಲ್ಕರೊಳಗೆ ಆಸ್ಪತ್ರೆಗೆ ತಲುಪಿಸ್ಬೇಕು. ತಡವಾದ್ರೆ ಕಾಲು ಉಳಿಯಲ್ಲ," ಎಂದಳು ನರ್ಸಮ್ಮ, ಔಷಧದ ಪೆಟ್ಟಿಗೆಯ ಮುಚ್ಚಳ ಒತ್ತುತ್ತ.

ನರ್ಸಮ್ಮ ಸೇರಿ ಹೊರಟವರು ಮೂವರು, ಗಾಡಿ ಎರಡು. ಮುಂದಿನ ಗಾಡಿಗೆ ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ಕೆಸರಿನಲ್ಲಿ ಹೂತ ಗಾಡಿಯನ್ನು ಯಾರಿಗೂ ಪೆಟ್ಟಾಗದಂತೆ ಹೊರಗೆಳೆಯುವುದು ಹೇಗೆಂದು ಹದಿನಾಲ್ಕು ವರ್ಷದಿಂದ ದಳದವರಿಗೆ ಪಾಠ ಹೇಳುತ್ತಿದ್ದ ಹಿರಿಯ ಡ್ರೈವರು. ಹಿಂದಿನ ಗಾಡಿಗೆ ಅವರ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಯಾವುದಕ್ಕೂ ಅವಸರ ಮಾಡದ ಆತನಿಗೆ ದಳದಲ್ಲಿ ನಿಧಾನಪ್ಪ ಎಂದೇ ಹೆಸರು. ಮೇಷ್ಟ್ರೇ ಇಟ್ಟ ಹೆಸರು ಅದು.

ಉಗ್ರಾಣದಲ್ಲಿ ಭಾನುವಾರದ ತರಬೇತಿಯ ನಂತರ ತೊಳೆದ ಎರಡು ಬೆಲ್ಟುಗಳು ಒಂದೇ ಸರಳಿನ ಮೇಲೆ ಒಣಗುತ್ತಿದ್ದವು. ಎರಡಕ್ಕೂ ಅಂಗೈಯಗಲ, ಎರಡಕ್ಕೂ ಹೋಗದ ಕೆಸರಿನ ಬಣ್ಣ. ಆದರೆ ಒಂದು ಹಿಗ್ಗುವ ಬೆಲ್ಟು. ಎಳೆಯುವ ಗಾಡಿ ತುಸು ಓಡಿ ಬಂದಾಗ ಅದು ಹಿಗ್ಗಿ, ಮತ್ತೆ ಕುಗ್ಗುತ್ತ ಹೂತ ಗಾಡಿಯನ್ನು ಮೆತ್ತಗೆ ಕಿತ್ತು ತರುತ್ತದೆ. ಇನ್ನೊಂದು ಹಿಗ್ಗದ ಬೆಲ್ಟು. ಕೆಟ್ಟು ನಿಂತ ಗಾಡಿಯನ್ನು ರಸ್ತೆಯಲ್ಲಿ ಮೆಲ್ಲಗೆ ಎಳೆದುಕೊಂಡು ಹೋಗಲು ಸರಿ. ಓಡಿ ಬಂದು ಎಳೆದರೆ ಅದು ಹಿಗ್ಗುವುದಿಲ್ಲ, ಏಟೆಲ್ಲ ಕೊಕ್ಕೆಯ ಮೇಲೆ ಬೀಳುತ್ತದೆ. ಯಾವುದು ಯಾವುದೆಂದು ತುದಿಗೆ ಹೊಲಿದ ಚೀಟಿಯಲ್ಲಿ ಬರೆದಿರುತ್ತದೆ. ಮೇಷ್ಟ್ರು ಒಂದನ್ನು ಎಳೆದುಕೊಂಡು ಸುತ್ತಿದರು.

"ಚೀಟಿ ನೋಡಿದ್ರಾ ಮೇಷ್ಟ್ರೇ?" ಎಂದು ನಿಧಾನಪ್ಪ ಕೇಳಿದ.

"ಕಣ್ಣು ಮುಚ್ಚಿ ಮುಟ್ಟಿದ್ರೂ ನನ್ನ ಕೈಗೆ ಗೊತ್ತಾಗುತ್ತೆ ಅಣ್ಣಾ. ನೀವು ಹೋಗಿ ಗಾಡಿ ಸ್ಟಾರ್ಟ್ ಮಾಡಿ, ಅಷ್ಟರಲ್ಲಿ ಮಧ್ಯಾಹ್ನ ಆಗುತ್ತೆ!"

ಸುತ್ತ ನಿಂತವರು ನಕ್ಕರು. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು.

ಹತ್ತೂಕಾಲರ ಹೊತ್ತಿಗೆ ಜವುಗು ಎದುರಾಯಿತು. ಆಳೆತ್ತರದ ಜೊಂಡು ಕಣ್ಣು ಹಾಯುವವರೆಗೂ ಹಬ್ಬಿತ್ತು. ನಡುನಡುವೆ ನಿಂತ ನೀರು, ನೀರಿನ ಮೇಲೆ ತೆಳ್ಳಗೆ ಹಸಿರು ಪಾಚಿ. ಬೇಸಿಗೆಯಲ್ಲಿ ಗಾಡಿಗಳು ತುಳಿದ ಎರಡು ಗೀರುಗಳು ಜೊಂಡಿನೊಳಕ್ಕೆ ಹೋಗಿ ಮಾಯವಾಗಿದ್ದವು. ಹಿಂದೆ ಗಟ್ಟಿ ನೆಲ, ನಾಲ್ಕೈದು ದಪ್ಪ ಮರಗಳು. ಮುಂದೆ ಮಂಜಿನೊಳಗೆ ಗುಡ್ಡ ಅರ್ಧ ಮಾತ್ರ ಕಾಣುತ್ತಿತ್ತು. ಹಕ್ಕಿಗಳು ಸದ್ದಿಲ್ಲದೆ ನೀರಿನಂಚಿನಲ್ಲಿ ಕುಳಿತಿದ್ದವು.

"ಇಳಿದು ಕೋಲು ಚುಚ್ಚಿ ನೋಡೋಣ್ವಾ?" ನಿಧಾನಪ್ಪ ಹಿಂದಿನಿಂದ ಕೂಗಿದ.

ಮೇಷ್ಟ್ರು ಕಿಟಕಿಯಿಂದ ಕೈ ಬೀಸಿ ಮುನ್ನುಗ್ಗಿದರು. ಹದಿನೈದು ಗಜ ಹೋದದ್ದೇ ತಡ, ಗಾಡಿಯ ಮೂತಿ ಕುಸಿಯಿತು. ಚಕ್ರಗಳು ಕೆಸರು ಕಾರುತ್ತ ತಿರುಗಿದಲ್ಲೇ ತಿರುಗಿದವು. ಗಾಡಿಯ ಹೊಟ್ಟೆ ನೆಲಕ್ಕಂಟಿತು. ಗುಡ್ಡಕ್ಕಿದ್ದ ಒಂದೇ ದಾರಿಗೆ ಅದು ಅಡ್ಡ ನಿಂತಿತು.

ಮೇಷ್ಟ್ರು ಇಳಿದು ಬೆಲ್ಟು ಹೊರತೆಗೆದರು. ಆಗ ಚೀಟಿ ಅವರ ಅಂಗೈಯಲ್ಲೇ ಬಿಚ್ಚಿಕೊಂಡಿತು. "ಹಿಗ್ಗುವುದಿಲ್ಲ. ಓಡಿ ಎಳೆಯಬಾರದು."

ಮುಖಕ್ಕೆ ಬಿಸಿನೀರು ಎರಚಿದಂತಾಯಿತು ಅವರಿಗೆ. ಬಾಯಿ ಬಿಟ್ಟು ಹೇಳಿದರೆ ಆಯಿತು: ಬೇರೆ ಬೆಲ್ಟು ತಂದಿದ್ದೇನೆ, ಅಗೆದು, ಹಲಗೆ ಹಾಕಿ, ಹಗ್ಗ ಸುತ್ತಿ ಎಳೆಯುವ ವಿಂಚಿನಲ್ಲಿ ನಿಧಾನಕ್ಕೆ ಎಳೆಯೋಣ. ಎರಡು ತಾಸು ಹಿಡಿಯಬಹುದು. ಆದರೆ ಉಗ್ರಾಣದ ನಗು ಇನ್ನೂ ಕಿವಿಯಲ್ಲಿತ್ತು. ಇದೇ ಷಡ್ಡಕ ನಾಳೆ ಆ ಕತೆಯನ್ನು ಮನೆಮಂದಿಗೆಲ್ಲ ನಿಧಾನವಾಗಿ, ರಾಗ ಎಳೆದು ಹೇಳುತ್ತಾನೆ. ಒಂದೇ ಒಂದು ಸಲ ತಾನೇ, ಮೆತ್ತಗೆ ಓಡಿ ಬಂದರೆ ಏನಾದೀತು? ಹದಿನಾಲ್ಕು ವರ್ಷದಿಂದ ಯಾವ ಮಾತು ಕೇಳಿದರೆ ಮೇಷ್ಟ್ರು ಡ್ರೈವರುಗಳ ಮೇಲೆ ರೇಗುತ್ತಿದ್ದರೋ ಅದೇ ಮಾತನ್ನು ತಮಗೆ ತಾವೇ ಹೇಳಿಕೊಂಡರು. ಹೆಬ್ಬೆರಳಿಗೆ ಕೆಸರು ಮೆತ್ತಿಕೊಂಡು ಚೀಟಿಯ ಮೇಲೆ ಬಳಿದರು.

ನಿಧಾನಪ್ಪ ಗಟ್ಟಿ ನೆಲದಲ್ಲಿ ಗಾಡಿ ತಿರುಗಿಸಿ ಹಿಂಬದಿಯನ್ನು ಇತ್ತ ತಂದ. ಬೆಲ್ಟಿನ ಎರಡು ತುದಿಯನ್ನೂ ಮೇಷ್ಟ್ರೇ ಎರಡು ಗಾಡಿಗಳ ಹಿಂದಿನ ಕೊಕ್ಕೆಗೆ ಹಾಕಿದರು.

"ಸಿಸ್ಟರ್, ನೀವು ಆ ಮರದಾಚೆ ಹೋಗಿ. ಇನ್ನೂ ದೂರ," ಎಂದರು ಮೇಷ್ಟ್ರು. ಅಷ್ಟು ಮಾತ್ರ ಬುದ್ಧಿ ಇತ್ತು.

"ಬೆಲ್ಟ್ ಮೇಲೆ ಭಾರದ ಚೀಲ ಹಾಕಲ್ವಾ? ಕಿತ್ಕೊಂಡ್ರೆ ಹಾರುತ್ತೆ ಅಂತ ನೀವೇ ಹೇಳ್ತೀರಿ," ಎಂದ ನಿಧಾನಪ್ಪ.

ಚೀಲ ಹಾಕಲು ಅವನು ಹತ್ತಿರ ಬರಬೇಕು, ಬೆಲ್ಟು ಮುಟ್ಟಬೇಕು. "ಹೊತ್ತಾಯ್ತು ಅಣ್ಣಾ. ಎರಡನೇ ಗೇರಲ್ಲಿ ಓಡಿ ಬಂದು ಎಳೀರಿ!"

ಎಂಜಿನ್ ಗುಡುಗಿತು. ಸಡಿಲ ಬೆಲ್ಟು ನೆಲದಿಂದೆದ್ದು ಬಿಗಿಯಿತು.

ಢಂ!

ಮೇಷ್ಟ್ರ ಗಾಡಿ ಒಮ್ಮೆ ಅದುರಿತು, ಅಷ್ಟೇ. ಅದರ ಕೊಕ್ಕೆ ಬೋಲ್ಟು ಸಮೇತ ಕಿತ್ತು, ಬೆಲ್ಟಿನ ಜತೆ ಹಾರಿ, ನಿಧಾನಪ್ಪನ ಗಾಡಿಯ ಹಿಂದಿನ ಗಾಜನ್ನು ಒಡೆದು ಒಳಗೆ ನುಗ್ಗಿತು. ಮುಂದಿನ ಗಾಜೂ ಒಡೆಯಿತು. ಗಾಡಿ ಮುಗ್ಗರಿಸಿ ನಿಂತಿತು.

"ಅಣ್ಣಾ!"

ಮೇಷ್ಟ್ರು ಓಡಿದರು. ಮೊಣಕಾಲುದ್ದ ಕೆಸರು. ಬಿದ್ದರು, ಎದ್ದರು, ಮತ್ತೆ ಬಿದ್ದರು. ಮರದಾಚೆಯಿಂದ ನರ್ಸಮ್ಮ ಅವರಿಗಿಂತ ಮೊದಲೇ ತಲುಪಿದಳು.

ನಿಧಾನಪ್ಪ ಸ್ಟಿಯರಿಂಗಿನ ಮೇಲೆ ಬಾಗಿ ಕುಳಿತಿದ್ದ. ಬಲಗಿವಿಯಿಂದ ರಕ್ತ ಕೊರಳಿಗೆ ಇಳಿಯುತ್ತಿತ್ತು. ಸೀಟಿನ ತಲೆದಿಂಬು ಸೀಳಿಹೋಗಿತ್ತು.

"ಬದುಕಿದ್ದೀನಿ," ಎಂದ ಅವನು. "ಕಿವಿ ಇದೆಯಾ ನೋಡಿ."

"ಇದೆ. ಅಂಚು ಹರಿದಿದೆ. ನಾಲ್ಕು ಬೆರಳು ಈಚೆ ಬಂದಿದ್ರೆ ನಾನು ಮಾಡೋದಕ್ಕೆ ಏನೂ ಉಳೀತಿರ್ಲಿಲ್ಲ," ಎಂದು ನರ್ಸಮ್ಮ ಬಟ್ಟೆ ಒತ್ತಿ ಹಿಡಿದಳು.

ಮೇಷ್ಟ್ರಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ಕೆಸರು ಗಾಡಿಯನ್ನು ನುಂಗಿತ್ತು, ಅವರನ್ನು ಮಾತ್ರ ಮೇಲೆಯೇ ಬಿಟ್ಟಿತ್ತು. ಅವರು ಬೆಲ್ಟಿನ ತುದಿ ಎತ್ತಿ, ಅಂಗಿಯ ಚುಂಗಿನಿಂದ ಚೀಟಿ ಒರೆಸಿ, ಷಡ್ಡಕನ ಮುಂದೆ ಹಿಡಿದರು.

"ನಂಗೆ ಗೊತ್ತಿತ್ತು ಅಣ್ಣಾ. ಎಳೆಯೋಕೆ ಮುಂಚೇನೇ ಗೊತ್ತಿತ್ತು. ಕೆಸರು ಬಳಿದು ಮುಚ್ಚಿಟ್ಟೆ."

ನಿಧಾನಪ್ಪ ಓದಿದ. ತಿರುಗಿಸಿ ಮತ್ತೊಮ್ಮೆ ಓದಿದ.

"ಹೇಳಿದ್ರೆ ನಾನೇನು ನಗ್ತಿದ್ನಾ?"

"ನಗ್ತಿದ್ರಿ."

"ಹೂಂ, ನಗ್ತಿದ್ದೆ," ಎಂದ ಅವನು. "ನಕ್ಕು ಸಲಿಕೆ ತಗೋತಿದ್ದೆ."

"ಇಬ್ರೂ ಆಮೇಲೆ ಮಾತಾಡ್ಕೊಳ್ಳಿ. ಅಲ್ಲೊಬ್ಬ ಬಿದ್ದಿದ್ದಾನೆ," ಎಂದು ನರ್ಸಮ್ಮ ಗದರಿದಳು. "ಮೇಷ್ಟ್ರೇ, ಪಾಠದಲ್ಲಿ ಹೇಗೆ ಹೇಳ್ತೀರೋ ಹಾಗೆ ಹೇಳಿ. ಒಂದನ್ನೂ ಬಿಡದೆ."

ಮೇಷ್ಟ್ರು ಹೇಳಿದರು. ಮೊದಲು ಟೈರುಗಳ ಗಾಳಿ ಅರ್ಧ ಇಳಿಸಿದರು. ಸಲಿಕೆ ಹಿಡಿದು ಚಕ್ರಗಳ ಹಿಂದಿನ ಕೆಸರು ಬಗೆದರು, ಗಾಡಿಯ ಹೊಟ್ಟೆಯಡಿಯದನ್ನು ಮಲಗಿಕೊಂಡು ಕೈಯಲ್ಲೇ ತೋಡಿದರು. ಚಕ್ರದಡಿಗೆ ಹಲಗೆ ತುರುಕಿದರು. ನಿಧಾನಪ್ಪನ ಗಾಡಿಯ ಮೂತಿಯಲ್ಲಿ ವಿಂಚ್ ಇತ್ತು, ಅದನ್ನು ಹೂತ ಗಾಡಿಯತ್ತ ತಿರುಗಿಸಿ ನಿಲ್ಲಿಸಿದರು. ಆ ಗಾಡಿಯೇ ಜಾರದಂತೆ ಅದರ ಹಿಂಬದಿಯನ್ನು ದಪ್ಪ ಮರಕ್ಕೆ ಬಿಗಿದದ್ದು ಹಿಗ್ಗದ ಬೆಲ್ಟಿನಿಂದ. ಅಲುಗದೆ ಹಿಡಿಯುವುದೇ ಅದರ ಕೆಲಸ. ಹೂತ ಗಾಡಿಯ ಹಿಂದೆ ಉಳಿದಿದ್ದ ಇನ್ನೊಂದು ಕೊಕ್ಕೆಗೆ ರಾಟೆ ಸಿಕ್ಕಿಸಿ, ವಿಂಚಿನ ಹಗ್ಗವನ್ನು ಅದರ ಮೂಲಕ ನಿಧಾನಪ್ಪನ ಗಾಡಿಗೇ ಹಿಂದಕ್ಕೆ ತಂದು ಕಟ್ಟಿದರು. ಹೀಗೆ ಮಾಡಿದರೆ ಎಳೆತ ನಿಧಾನ, ಬಲ ಎರಡು ಪಟ್ಟು. ಹಗ್ಗದ ಮೇಲೆ ಭಾರದ ಚೀಲ ಬಿತ್ತು.

"ಆ ಕೊಕ್ಕೆ ಭದ್ರವಾಗಿದೆಯಾ?" ನಿಧಾನಪ್ಪ ಕೇಳಿದ.

"ನೋಡಿದೀನಿ. ನೀವೂ ಒಂದ್ಸಲ ನೋಡಿ ಅಣ್ಣಾ. ನನ್ನ ಮಾತು ನಂಬಬೇಡಿ."

ಕೊಕ್ಕೆಯನ್ನೂ ಬೋಲ್ಟುಗಳನ್ನೂ ನಿಧಾನಪ್ಪ ತನ್ನ ಎಂದಿನ ಗತಿಯಲ್ಲೇ ತಡವಿ ನೋಡಿದ. ಮೇಷ್ಟ್ರು ಅವಸರಿಸದೆ ಪಕ್ಕದಲ್ಲಿ ನಿಂತಿದ್ದರು. ಆಮೇಲೆ ಎಲ್ಲರೂ ದೂರ ಸರಿದರು. ವಿಂಚ್ ಗುಂಯ್ಗುಟ್ಟಿತು. ಗಾಡಿ ಗೇಣು ಗೇಣಾಗಿ, ಕೆಸರು ಚಪ್ಪರಿಸುವ ಸದ್ದು ಮಾಡುತ್ತ, ಹನ್ನೆರಡೂಕಾಲಕ್ಕೆ ಗಟ್ಟಿ ನೆಲ ಹತ್ತಿತು.

ಅದನ್ನು ಅಲ್ಲೇ ಬಿಟ್ಟರು. ನಿಧಾನಪ್ಪ, ನರ್ಸಮ್ಮ ಗಾಜಿಲ್ಲದ ಗಾಡಿಯನ್ನು ಹತ್ತಿದರು. ಮೇಷ್ಟ್ರು ಕೋಲು ಹಿಡಿದು ಮುಂದೆ ನಡೆದರು. ಹೆಜ್ಜೆಗೊಮ್ಮೆ ಚುಚ್ಚಿ, ಗಟ್ಟಿಯಿದ್ದರೆ ಕೈ ಎತ್ತಿ ಕರೆದರು, ಮೆತ್ತಗಿದ್ದರೆ ಹಲಗೆ ಹಾಸಿದರು. ಸೊಂಟದವರೆಗೆ ಒದ್ದೆ, ಕಾಲ್ಬೆರಳು ಮರಗಟ್ಟಿದ್ದವು. ಗಾಡಿಯೊಳಗೆ ಷಡ್ಡಕನ ಪಕ್ಕ ಕೂರುವುದಕ್ಕಿಂತ ಇದೇ ವಾಸಿ ಎನಿಸಿತು ಅವರಿಗೆ.

ಗೋಪುರದ ಬುಡದಲ್ಲಿ ಕಾವಲುಗಾರ ಗೋಣಿ ಹೊದ್ದು ಮಲಗಿದ್ದ. "ಹನ್ನೊಂದಕ್ಕೆ ಬರ್ತೀವಿ ಅಂದಿದ್ರಿ," ಎಂದ ಕ್ಷೀಣವಾಗಿ. ನರ್ಸಮ್ಮ ನೋವಿನ ಚುಚ್ಚುಮದ್ದು ಕೊಟ್ಟು, ಕಾಲನ್ನು ಮೆಲ್ಲಗೆ ನೇರಕ್ಕೆಳೆದು ಪಟ್ಟಿ ಕಟ್ಟಿದಳು. ಪಾದ ಹಿಡಿದು ಕಾದಳು. ಬಹಳ ಹೊತ್ತಾದ ಮೇಲೆ, "ಸ್ವಲ್ಪ ಬೆಚ್ಚಗಾಗ್ತಿದೆ, ಎತ್ತಿ," ಎಂದಳು.

ಹಿಂದಿರುಗುವಾಗ ಒಡೆದ ಗಾಜಿನಿಂದ ಗಾಳಿ ಮುಖಕ್ಕೆ ರಾಚುತ್ತಿತ್ತು. ನಿಧಾನಪ್ಪ ತಗ್ಗಿದ ದನಿಯಲ್ಲಿ ಅಂದ: "ಕಿವಿಗೆ ಮರದ ಕೊಂಬೆ ಬಡೀತು ಅಂತ ಹೇಳೋಣ. ನಿಜ ಹೇಳಿದ್ರೆ ನಿಮ್ಮಕ್ಕ ಮನೆ ಸೂರು ಹಾರಿಸ್ತಾಳೆ."

ಮೇಷ್ಟ್ರಿಗೆ ಒಮ್ಮೆ ಹಾಯೆನಿಸಿತು. ಹಾಯೆನಿಸಿತಲ್ಲ ಎಂಬುದಕ್ಕೆ ಮತ್ತಷ್ಟು ನಾಚಿಕೆಯಾಯಿತು.

ಮೂರು ನಲವತ್ತಕ್ಕೆ ಆಸ್ಪತ್ರೆ. ಕಾವಲುಗಾರನನ್ನು ತಳ್ಳುಗಾಡಿಯಲ್ಲಿ ಒಳಗೆ ಕರೆದೊಯ್ದರು. ಅರ್ಧ ತಾಸಿನ ಮೇಲೆ ಡಾಕ್ಟರು ಹೊರಬಂದು, "ಕಾಲು ಉಳಿಯುತ್ತೆ. ಸಾಹಸ ಮಾಡಿದ್ರಿ," ಎಂದು ಮೇಷ್ಟ್ರ ಕೈ ಕುಲುಕಿದರು. ದಳದವರು ಬೆನ್ನು ತಟ್ಟಿದರು. ಮೇಷ್ಟ್ರು ಮುಖವೆತ್ತಲಿಲ್ಲ.

ಅಷ್ಟರಲ್ಲಿ ಅಕ್ಕ ಬಂದರು, ನಿಧಾನಪ್ಪನ ಹೆಂಡತಿ. ಗಂಡನ ಕಿವಿಯ ಐದು ಹೊಲಿಗೆಯನ್ನು ಬಗ್ಗಿ ನೋಡಿ, ಬೆಂಚಿನ ಮೇಲೆ ಕುಸಿದರು.

"ಏನಾಯ್ತು ಇದು?"

"ಕೊಂಬೆ ಬಡೀತು ಕಣೇ. ಸಣ್ಣದು."

"ಕೊಂಬೆ ಅಲ್ಲ ಅಕ್ಕಾ," ಎಂದರು ಮೇಷ್ಟ್ರು. ಬೆನ್ನು ತಟ್ಟಿದವರೆಲ್ಲ ಇನ್ನೂ ಅಲ್ಲೇ ಇದ್ದರು. "ನಾನು. ತಪ್ಪು ಬೆಲ್ಟ್ ಅಂತ ಗೊತ್ತಿದ್ದೂ ಎಳೆಸಿದೆ."

ಅಕ್ಕ ಅವರ ಕೆಸರು ಒಣಗಿದ ಮುಖವನ್ನೇ ನೋಡಿದರು.

"ಇದನ್ನ ಎಲ್ಲರಿಗೂ ಕಲಿಸೋರು ನೀವೇ ಅಲ್ವಾ?"

"ಹೌದಕ್ಕ."

ಅಕ್ಕ ಬೆಂಚಿನ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿದರು. "ಕೂತ್ಕೊಳ್ಳಿ. ಮೊದಲಿಂದ ಹೇಳಿ. ಒಂದು ಮಾತೂ ಬಿಡ್ಬೇಡಿ."

ಮೇಷ್ಟ್ರು ಕೂತರು. ಉಗ್ರಾಣದಿಂದ ಶುರುಮಾಡಿದರು.