ಎಡಗೈಗೆ ಗೋಡೆ ಸಿಗುತ್ತೆ

ಅವನ ಅಮ್ಮನಿಗೆ ಓದಲು ಬರುತ್ತಿದ್ದದ್ದು ಒಂದೇ ಪದ. ಮಗನ ಹೆಸರು. ತಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವನೇ ಸ್ಲೇಟಿನ ಮೇಲೆ ಬರೆದು, ಅವಳ ಬೆರಳು ಹಿಡಿದು ತಿದ್ದಿಸಿದ್ದ. ನಗರದ ಹೊಸ ಗ್ರಂಥಾಲಯ ಬಾಗಿಲು ತೆರೆದ ದಿನ ಎಲ್ಲರೂ ಭಾಷಣ ಕೇಳಲು ಒಳಗೆ ಹೋದರೂ ಅಮ್ಮ ಮಾತ್ರ ಬಾಗಿಲ ಪಕ್ಕದ ಹೆಸರಿನ ಕಲ್ಲಿನ ಮುಂದೆ ನಿಂತಿದ್ದಳು. ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತಿದ್ದಳು. ಉದ್ಘಾಟಿಸಿದವರ ಹೆಸರಿತ್ತು, ಕಂಟ್ರಾಕ್ಟರನ ಹೆಸರಿತ್ತು, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ, ಅವನು ನಕ್ಷೆ ಬರೆಯುತ್ತಿದ್ದ ಆಫೀಸಿನ ಯಜಮಾನರಾದ ಮೇಷ್ಟ್ರ ಹೆಸರಿತ್ತು. ಮಗ ಹತ್ತಿರ ಬಂದದ್ದು ಕಂಡು ಅವಳು ಬೆರಳು ತೆಗೆದಳು.

“ಅಕ್ಷರ ತೀರಾ ಸಣ್ಣದಾಗಿ ಕೆತ್ತಿದಾರೆ ಕಣಪ್ಪ. ನನ್ನ ಕಣ್ಣಿಗೆ ಬೀಳ್ಲಿಲ್ಲ.”

ಅವಳು ಅವನನ್ನು ಬೈದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ತನ್ನ ಕಣ್ಣನ್ನೇ ಬೈದುಕೊಂಡಳಲ್ಲ, ಅದು ಅವನ ಹೊಟ್ಟೆಯಲ್ಲಿ ಕೆಂಡವಾಗಿ ಕೂತುಬಿಟ್ಟಿತು. ಮುಂದಿನ ಕಟ್ಟಡದ ಅಡಿಪಾಯ ತೋಡುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಳು. ಆ ಕಲ್ಲಿನ ಮೇಲೆ ಮಗನ ಹೆಸರು ಎಲ್ಲೋ ಸಣ್ಣದಾಗಿ ಇದ್ದೇ ಇದೆ ಎಂದು ನಂಬಿಕೊಂಡೇ ಹೋದಳು.

ಗ್ರಂಥಾಲಯ ಅವನದು. ಕೂತು ಓದುವವನ ಕಣ್ಣಿನ ಮಟ್ಟಕ್ಕೆ ಕಿಟಕಿ ಇಳಿಸಿದವನು ಅವನು. ಮೀನು ಮಾರುಕಟ್ಟೆಯೂ ಅವನದೇ. ನೆಲಕ್ಕೆ ಕಂಡೂ ಕಾಣದ ಓಟ ಕೊಟ್ಟು, ತೊಳೆದ ನೀರು ತಾನೇ ಮೋರಿ ಹುಡುಕಿಕೊಂಡು ಹೋಗುವ ಹಾಗೆ ಮಾಡಿದ್ದ. ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲ್ಲಿನಲ್ಲಿ ಒಂದು ಕೋಣೆಯಿಂದ ಇನ್ನೊಂದು ಕೋಣೆಯೊಳಕ್ಕೆ ಇಣುಕಲಾಗದಂತೆ ಕಿಟಕಿಗಳನ್ನು ಓರೆ ಮಾಡಿದ್ದ. ಬಸ್ ನಿಲ್ದಾಣ, ಅದರ ಹಿಂದಿನ ಸಾಲುಮನೆಗಳು. ಒಂದರ ಮುಖ ಇನ್ನೊಂದಕ್ಕಿರಲಿಲ್ಲ. ಪತ್ರಿಕೆಯವರು ಮೇಷ್ಟ್ರ ಫೋಟೋ ಹಾಕಿ, “ಈ ವಯಸ್ಸಿನಲ್ಲೂ ಪ್ರತಿ ಕಟ್ಟಡಕ್ಕೂ ಹೊಸ ಕೈ” ಎಂದು ಬರೆದರು. ಹೊಸ ಕೈ ಹೌದು. ಯಾರ ಕೈ ಎಂದು ಒಬ್ಬ ಬೃಹಸ್ಪತಿಯೂ ಕೇಳಲಿಲ್ಲ.

ಮೇಷ್ಟ್ರಿಗೆ ಕಣ್ಣು ಕಾಣುತ್ತಿರಲಿಲ್ಲ. ಇದು ತನ್ನೊಬ್ಬನಿಗೆ ಮಾತ್ರ ಗೊತ್ತು ಎಂದು ಅವನು ತಿಳಿದಿದ್ದ. ಒಂದು ಬೆಳಿಗ್ಗೆ ಅವರು ನಕ್ಷೆಯನ್ನು ತಲೆಕೆಳಗಾಗಿ ಹಿಡಿದುಕೊಂಡು “ಮೆಟ್ಟಿಲು ಚೆನ್ನಾಗಿ ಬಂದಿದೆ” ಎಂದು ಹೊಗಳಿದ್ದರು. ಅವನು ಹಾಳೆಯನ್ನು ನೆಟ್ಟಗೆ ತಿರುಗಿಸಿಟ್ಟ. ಮೇಷ್ಟ್ರು ಹಾಳೆಯ ಅಂಚನ್ನು ಬೆರಳಲ್ಲಿ ತಡವಿ, “ಎಲ್ಲ ಹಾಲಲ್ಲಿ ಮುಳುಗಿಸಿಟ್ಟ ಹಾಗಿದೆ ಮರಿ. ಯಾರಿಗೂ ಹೇಳ್ಬೇಡ” ಎಂದರು. ಆಫೀಸಿನಲ್ಲಿ ಅವನನ್ನು ಮರಿ ಎಂದು ಕರೆಯುತ್ತಿದ್ದವರು ಅವರೊಬ್ಬರೇ.

ಅಂದಿನಿಂದ ನಕ್ಷೆಗಳನ್ನು ಅವನು ಬಾಯಲ್ಲಿ ಹೇಳತೊಡಗಿದ. ಮೇಷ್ಟ್ರು ಕಣ್ಣು ಮುಚ್ಚಿ ಕೂರುತ್ತಿದ್ದರು, ಅವನು ಅವರನ್ನು ಇನ್ನೂ ಕಟ್ಟದ ಕಟ್ಟಡದೊಳಗೆ ನಡೆಸಿಕೊಂಡು ಹೋಗುತ್ತಿದ್ದ. ಇಲ್ಲಿ ಬಾಗಿಲು, ಇಲ್ಲಿ ತಿರುವು, ಇಲ್ಲಿ ಅಂಗಾಲಿಗೆ ತಣ್ಣಗಿನ ಕಲ್ಲು. ಮಧ್ಯೆ ತಡೆದು ಅವರು ಒಂದೇ ಒಂದು ಮಾತು ಹೇಳುತ್ತಿದ್ದರು, “ಆ ಬಾಗಿಲು ಗಾಳಿಗೆ ಬಡ್ಕೊಳ್ಳುತ್ತೆ ನೋಡು.” ಆ ಮಾತು ಸರಿಯಾಗಿರುತ್ತಿತ್ತು. ಅದೇ ಅವನಿಗೆ ಹೆಚ್ಚು ಸಿಟ್ಟು ಬರಿಸುತ್ತಿತ್ತು. ಮುದುಕ ಬರೀ ಕಳ್ಳನಾಗಿದ್ದರೆ ದ್ವೇಷಿಸುವುದು ಸಲೀಸು.

ಪ್ರತಿ ಕಟ್ಟಡ ಮುಗಿದಾಗಲೂ ಅವನು ಕೇಳುತ್ತಿದ್ದ.

“ಮೇಷ್ಟ್ರೇ, ಈ ಸಲ ಕಲ್ಲಿನ ಮೇಲೆ ನನ್ನ ಹೆಸರೂ ಇರಲಿ.”

“ಇನ್ನೊಂದು ಮುಗೀಲಿ ಮರಿ. ನನಗೆ ಕಾಣಲ್ಲ ಅಂತ ಗೊತ್ತಾದ ದಿನ ಈ ಆಫೀಸಿಗೆ ಬೀಗ ಬೀಳುತ್ತೆ. ಎಲ್ಲರ ಅನ್ನ ಹೋಗುತ್ತೆ, ನಿಂದೂ ಸೇರಿ.”

ಇನ್ನೊಂದು ಮುಗಿಯುತ್ತಿತ್ತು. ಕಲ್ಲು ನಿಲ್ಲುತ್ತಿತ್ತು. ಅವನ ಹೆಸರು ಅದರ ಮೇಲಿರುತ್ತಿರಲಿಲ್ಲ.

ಸಂಗೀತ ಶಾಲೆಯ ಕೆಲಸ ಬಂದಾಗ ಅವನು ಕೇಳಲೇ ಇಲ್ಲ. ಅಷ್ಟು ಹೊತ್ತಿಗೆ ತೀರ್ಮಾನ ಮಾಡಿಯಾಗಿತ್ತು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಆ ಜಂತೆಗಳನ್ನೆಲ್ಲ ಹೊತ್ತು ತಂದು ಕೂರಿಸಿದವನು ಎಣಿಸಿದರೆ ತಪ್ಪೇನು ಎಂದು ಅವನು ತನಗೆ ತಾನೇ ಹೇಳಿಕೊಂಡ.

ಶಾಲೆಯ ನಡುವೆ, ನೆಲದಿಂದ ಮೂರನೇ ಮಹಡಿಯವರೆಗೆ, ಬಾವಿಯಂತೆ ಟೊಳ್ಳಾದ ಒಂದು ತೆರೆದ ಜಾಗ, ಅದನ್ನು ಅವರು ಬಾವಿ ಎಂದೇ ಕರೆಯುತ್ತಿದ್ದರು. ಸುತ್ತ ಮೊಗಸಾಲೆ, ಅದರ ಹಿಂದೆ ಅಭ್ಯಾಸದ ಕೋಣೆಗಳು. ಬಾವಿಯ ಗೋಡೆಗಳನ್ನು ಅವನು ಎಂಥ ಲೆಕ್ಕದಲ್ಲಿ ಬಾಗಿಸಿದ್ದನೆಂದರೆ, ತಳದಲ್ಲಿ ನಿಂತು ಪಿಸುಗುಟ್ಟಿದರೆ ಮೇಲಿನ ಮಹಡಿಯಲ್ಲಿ ಕಿವಿಯ ಪಕ್ಕ ಮಾತಾಡಿದಂತೆ ಕೇಳುತ್ತಿತ್ತು. ಅವನು ಕಟ್ಟಿದ್ದರಲ್ಲೆಲ್ಲ ಇದೇ ಒಳ್ಳೆಯದು. ಅದು ಅವನಿಗೂ ಗೊತ್ತಿತ್ತು, ಗೊತ್ತಿದ್ದೇ ಇದನ್ನು ಆರಿಸಿಕೊಂಡ.

ಮೇಷ್ಟ್ರಿಗೆ ಒಂದು ಹಟವಿತ್ತು. ಕಟ್ಟಡ ಬಿಟ್ಟುಕೊಡುವ ಮುನ್ನ ಅದರೊಳಗೆ ಒಬ್ಬರೇ, ಬರಿಗಾಲಲ್ಲಿ, ಮೇಲಿನಿಂದ ಕೆಳಗೆ ಇಳಿದು ಬರಬೇಕು. ಒಳಗೆ ಒಂದು ನರಪಿಳ್ಳೆಯೂ ಇರಕೂಡದು. ಕಣ್ಣಿದ್ದಾಗಿನಿಂದಲೂ ಇದ್ದ ರೂಢಿ, ಹೋದ ಮೇಲೂ ಬಿಡಲಿಲ್ಲ. ಕೋಲು ಹಿಡಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಆದ್ದರಿಂದ ಅವನು ಹೇಳಿಕೊಟ್ಟ ದಾರಿಯೇ ಅವರ ಕೋಲು. ಅದನ್ನು ಬಾಯಿಪಾಠ ಮಾಡಿ, ಕಣ್ಣಿದ್ದವರಿಗಿಂತ ಚೆನ್ನಾಗಿ ನಡೆದು ಬರುತ್ತಿದ್ದರು. ಅಷ್ಟು ಕರಾರುವಾಕ್ಕಾಗಿ ಹೇಗೆ ನೆನಪಿಡುತ್ತಾರೆಂದು ಅವನು ಒಮ್ಮೊಮ್ಮೆ ಬೆರಗಾಗುತ್ತಿದ್ದ. ಹಳೇ ತಲೆ, ಗಟ್ಟಿ ತಲೆ ಎಂದುಕೊಂಡು ಬಿಟ್ಟುಬಿಡುತ್ತಿದ್ದ.

ಹಗ್ಗ ಬೇಡ, ವಿಷ ಬೇಡ. ಒಂದು ಸುಳ್ಳು ಸಾಕು. ಮಾತಿಗೆ ಬೆರಳಚ್ಚು ಇರುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮನೇ ಹೇಳುತ್ತಿದ್ದಳು.

ಮೂರನೇ ಮಹಡಿಯಲ್ಲಿ ಲಿಫ್ಟಿನಿಂದ ಹೊರಬಂದರೆ ಬಲಕ್ಕೆ ಗೋಡೆ, ಎಡಕ್ಕೆ ಬಾವಿ. ಬಾವಿಯ ಅಂಚಿಗೆ ಗಾಜಿನ ತಡೆ. ಲಿಫ್ಟಿನ ಎಡಗಡೆಯ ಗಾಜಿನಲ್ಲಿ ಗೀರಿದೆ ಎಂದು ಅವನು ವಾಪಸ್ ಕಳಿಸಿದ. ಗೀರು ನಿಜವಾಗಿಯೂ ಇತ್ತು, ಅವನು ಅದನ್ನು ಮಾಡಿರಲಿಲ್ಲ. ಹೊಸ ಗಾಜು ಬರುವವರೆಗೆ ಕಂಟ್ರಾಕ್ಟರ್ ಅಲ್ಲಿ ಹಲಗೆ ಅಡ್ಡ ಹೊಡೆಸಿದ. ಕೊನೆಯ ದಿನ ನೆಲಕ್ಕೆ ಪಾಲಿಶ್ ಹಾಕುವವರು ಬಂದರು. ಹಲಗೆ ತೆಗೆಯದೆ ಅಂಚಿಗೆ ಯಂತ್ರ ಹೋಗುವುದಿಲ್ಲ, ತೆಗೆದರು. ಮತ್ತೆ ಹೊಡೆಯಿರಿ ಎಂದು ಹೇಳಬೇಕಾದವನು ಅವನು. ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ಆಮೇಲೆ ತಾನೇ ಮೊದಲು ಬಾಯಿಬಿಡುತ್ತಾನೆ. ಮೇಷ್ಟ್ರಿಗೆ ಕಣ್ಣಿರಲಿಲ್ಲ, ಮುಚ್ಚಿಟ್ಟಿದ್ದರು, ಎಡಗಡೆ ತಡೆ ಇಲ್ಲ ಎಂದು ಬಡಕೊಂಡೆ, ಕೇಳಲಿಲ್ಲ. ಹಟಮಾರಿ ಮುದುಕ, ಯಾರು ನಂಬುವುದಿಲ್ಲ?

ಮೇಷ್ಟ್ರು ಕಟ್ಟಡದೊಳಗೆ ನಡೆಯುವುದರ ಹಿಂದಿನ ದಿನ ಮಧ್ಯಾಹ್ನ ಅವನು ದಾರಿ ಹೇಳಲು ಹೋದ. ಬಾಗಿಲು ತಳ್ಳುವಾಗ ಮೇಷ್ಟ್ರು ಒಬ್ಬರೇ ಏನೋ ಗೊಣಗುತ್ತಿದ್ದರು. ಪ್ರತಿ ಸಲವೂ ಹೀಗೇ, ಅವನು ಬರುವ ಮೊದಲು ತಮ್ಮಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿರುತ್ತಿದ್ದರು. ವಯಸ್ಸಾದವರ ಗೊಣಗಾಟ. ಮೇಜಿನ ಮೇಲೆ ಬೆಂಕಿಪೊಟ್ಟಣದಷ್ಟು ಗಾತ್ರದ ಕರಿ ಡಬ್ಬಿ, ಅದಕ್ಕೆ ಉಬ್ಬಿದ ಗುಂಡಿಗಳು, ಕಿವಿಗೆ ಸಿಕ್ಕಿಸುವ ತಂತಿ.

“ಇದೇನ್ ಮೇಷ್ಟ್ರೇ, ದಿನಾ ಇಲ್ಲೇ ಬಿದ್ದಿರುತ್ತೆ?”

“ಮಗಳು ಕೊಡ್ಸಿದ್ದು. ಹಾಡು ಕೇಳೋಕೆ.” ಅವರು ನಾಚಿಕೊಂಡವರಂತೆ ನಕ್ಕರು. “ಕಣ್ಣಿಗೆ ಔಷಧಿ ಕೊಡ್ಸು ಅಂದ್ರೆ ಕಿವಿಗೆ ಒಡವೆ ಕೊಡ್ಸಿದಾಳೆ. ಹೇಳು ಮರಿ. ನಿಧಾನಕ್ಕೆ ಹೇಳು.”

ಅವನು ಹೇಳಿದ. “ಲಿಫ್ಟಿನ ಬಾಗಿಲು ಮೊದಲಿದ್ದ ಕಡೆ ಇಲ್ಲ ಮೇಷ್ಟ್ರೇ, ಕೊನೇಲಿ ತಿರುಗಿಸಬೇಕಾಯ್ತು. ಈಗ ಗೋಡೆ ಎಡಕ್ಕೆ. ಹೊರಗೆ ಬಂದ ತಕ್ಷಣ ಎಡಕ್ಕೆ ಸರೀರಿ, ಎಡಗೈಗೆ ಗೋಡೆ ಸಿಗುತ್ತೆ. ಕೈ ಇಟ್ಕೊಂಡು ಧೈರ್ಯವಾಗಿ ಬನ್ನಿ.” ಉಳಿದ ದಾರಿಯನ್ನೆಲ್ಲ ನಿಜವಾಗಿ ಹೇಳಿದ. ಎಲ್ಲ ಮುಗಿದ ಮೇಲೆ ಮೇಷ್ಟ್ರು ಕೈ ಚಾಚಿ ಅವನ ಮೊಣಕೈ ಹುಡುಕಿ ಹಿಡಿದರು.

“ನಿಮ್ಮಮ್ಮ ಇದನ್ನ ನೋಡ್ಬೇಕಿತ್ತು.”

ಆ ಮಾತಿಗೆ ಅವನ ತೀರ್ಮಾನ ಸಡಿಲವಾಗಬೇಕಿತ್ತು, ಇನ್ನಷ್ಟು ಬಿಗಿಯಾಯಿತು. ಅಮ್ಮನ ಹೆಸರು ಎತ್ತಲು ಇವರು ಯಾರು?

ಮರುದಿನ ಬೆಳಿಗ್ಗೆ ಎಲ್ಲರೂ ಹೊರಗೆ ಅಂಗಳದಲ್ಲಿ ನಿಂತಿದ್ದರು. ಕಂಟ್ರಾಕ್ಟರ್, ಆಫೀಸಿನವರು, ಮೇಷ್ಟ್ರ ಮಗಳು. ಚಪ್ಪಲಿ ಬಿಟ್ಟು ಮೇಷ್ಟ್ರು ಲಿಫ್ಟಿನತ್ತ ಹೊರಟರು.

“ಒಳಗೆ ಯಾರೂ ಬರ್ಬೇಡಿ. ಬಂದ್ರೆ ಕಟ್ಟಡ ನಾಚ್ಕೊಳ್ಳುತ್ತೆ” ಎಂದರು. ಎಲ್ಲರೂ ನಕ್ಕರು.

“ಬೇಗ ಇಳಿದು ಬನ್ನಿ ಮೇಷ್ಟ್ರೇ, ಟೀ ಆರೋಗುತ್ತೆ” ಎಂದು ಕಂಟ್ರಾಕ್ಟರ್ ಕೂಗಿದ.

ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಬಾವಿಯ ತಳ ಅಲ್ಲಿಂದ ಕೂಗಳತೆಯಷ್ಟೂ ದೂರವಿರಲಿಲ್ಲ. ಲಿಫ್ಟು ಮೇಲೇರುವ ಸದ್ದು ಬಂತು. ಈಗ ಒಂದು ಮಾತು ಆಡಿದರೆ ಸಾಕು, ಕೂಗಬೇಕಾಗಿಯೂ ಇಲ್ಲ. ‘ನಿಲ್ಲಿ’ ಎಂದು ಪಿಸುಗುಟ್ಟಿದರೂ ಆ ಗೋಡೆಗಳು ಅದನ್ನು ಎತ್ತಿಕೊಂಡು ಹೋಗಿ ಮುದುಕನ ಕಿವಿಯಲ್ಲಿ ಇಡುತ್ತಿದ್ದವು. ಅದಕ್ಕೆಂದೇ ಅವನು ಅವನ್ನು ಬಾಗಿಸಿದ್ದ. ತುಟಿ ತೆರೆದ. ಕಲ್ಲಿನ ಮೇಲೆ ಮೆಲ್ಲಗೆ ಜಾರುತ್ತಿದ್ದ ಅಮ್ಮನ ಬೆರಳು ಕಣ್ಣ ಮುಂದೆ ಬಂತು. ತುಟಿ ಮುಚ್ಚಿದ.

ಲಿಫ್ಟಿನ ಬಾಗಿಲು ಸರಿದದ್ದು ಕೇಳಿಸಿತು. ಬರಿಗಾಲಿನ ಹೆಜ್ಜೆಯೂ ಕೇಳಿಸಿತು, ಅಷ್ಟು ಚೆನ್ನಾಗಿ ಕಟ್ಟಿದ್ದ. ಆಮೇಲೆ ಯಾವ ಕೂಗೂ ಇಲ್ಲ. ನೆಲಕ್ಕೆ ಬಿದ್ದ ಸದ್ದು ಮಾತ್ರ ಬಂತು, ಅದನ್ನು ಕಟ್ಟಡ ಬಹಳ ಹೊತ್ತು ಹಿಡಿದುಕೊಂಡಿತ್ತು.

ಎಲ್ಲರಿಗಿಂತ ಮೊದಲು ಓಡಿದವನು ಅವನೇ. ಅಳು ಬಂತು. ನಟನೆ ಮಾಡಬೇಕಾದೀತು ಎಂದುಕೊಂಡಿದ್ದ, ಬೇಕಾಗಲಿಲ್ಲ. ಮುದುಕನ ಎಡಗೈ ಇನ್ನೂ ಚಾಚಿಕೊಂಡೇ ಇತ್ತು. ಅವನು ಮಂಡಿಯೂರಿ, ಬಾಯಿಪಾಠ ಮಾಡಿಕೊಂಡಿದ್ದನ್ನೆಲ್ಲ ಒಪ್ಪಿಸಿದ.

“ಅವರಿಗೆ ಕಣ್ಣು ಕಾಣ್ತಿರ್ಲಿಲ್ಲ. ಯಾರಿಗೂ ಹೇಳ್ಬೇಡ ಅಂದಿದ್ರು. ಎಡಗಡೆ ತಡೆ ಇಲ್ಲ, ಬಲಗಡೆ ಗೋಡೆ ಹಿಡ್ಕೊಳ್ಳಿ ಅಂತ ನಿನ್ನೆ ಸಾವಿರ ಸಲ ಹೇಳ್ದೆ.”

ಕಂಟ್ರಾಕ್ಟರ್ ತಲೆ ಮೇಲೆ ಕೈ ಹೊತ್ತು ಕೂತ. ಪಾಲಿಶಿನವರನ್ನು ಬೈಯತೊಡಗಿದ. ಯಾರೋ ಮಂಡಿಯೂರಿದ್ದ ಅವನ ಬೆನ್ನು ಸವರಿ, “ನೀನೇನ್ ಮಾಡೋಕಾಗ್ತಿತ್ತು ಬಿಡಪ್ಪ” ಎಂದರು. ಎಲ್ಲ ಅವನು ಗೆರೆ ಎಳೆದ ಹಾಗೆಯೇ ನಡೆಯುತ್ತಿತ್ತು.

ಮಗಳು ಮಾತ್ರ ಅಪ್ಪನ ತಲೆಯ ಹತ್ತಿರ ಕೂತು, ಅವರ ಕಿವಿಯಿಂದ ತಂತಿಯನ್ನು ಮೆಲ್ಲಗೆ ಬಿಡಿಸುತ್ತಿದ್ದಳು. ಒಳಜೇಬಿನಿಂದ ಆ ಕರಿ ಡಬ್ಬಿಯನ್ನು ತೆಗೆದಳು. “ಕಣ್ಣಿನ ವಿಷಯ ನನಗೆ ಗೊತ್ತಿತ್ತು ಅಣ್ಣಾ” ಎಂದಳು, ಅವನನ್ನು ಸಮಾಧಾನ ಮಾಡುವ ದನಿಯಲ್ಲಿ. “ಅದಕ್ಕೇ ಇದನ್ನ ಕೊಡ್ಸಿದ್ದು. ನೀವು ಹೇಳಿದ್ದೆಲ್ಲ ಇದರಲ್ಲಿ ಹಿಡಿದಿಟ್ಕೊಂಡು ದಿನವಿಡೀ ಕೇಳೋರು, ನಡೆಯೋವಾಗ್ಲೂ ಕಿವೀಲಿ ಇಟ್ಕೊಂಡೇ ನಡೆಯೋರು. ನಿಮ್ಮ ಹತ್ರ ಹೇಳೋಕೆ ನಾಚಿಕೆ, ಪರೀಕ್ಷೆಗೆ ಓದೋ ಹುಡುಗನ ಥರ.” ಕಣ್ಣು ಒರೆಸಿಕೊಂಡಳು. “ಮೊದಲಲ್ಲಿ ಅಪ್ಪನ ದನಿ ಇರುತ್ತೆ. ಒಂದ್ಸಲ ಕೇಳ್ತೀನಿ.” ತಂತಿ ಕಿತ್ತು ಗುಂಡಿ ಒತ್ತಿದಳು. ಬಾವಿಯ ತಳದಿಂದ ಮೇಷ್ಟ್ರ ದನಿ ಎದ್ದಿತು: “ಇದು ನನ್ನ ಮರಿ ಕಟ್ಟಿದ ಸಂಗೀತ ಶಾಲೆ. ಇದರಲ್ಲಿ ಒಂದು ಗೆರೆಯೂ ನನ್ನದಲ್ಲ.” ಬಾಗಿಲ ಸದ್ದು, ಒಂದು ನಗು, ಆಮೇಲೆ ಅವನದೇ ದನಿ, ನಿಧಾನವಾಗಿ, ಸ್ಪಷ್ಟವಾಗಿ: “ಹೊರಗೆ ಬಂದ ತಕ್ಷಣ ಎಡಕ್ಕೆ ಸರೀರಿ, ಎಡಗೈಗೆ ಗೋಡೆ ಸಿಗುತ್ತೆ.” ಕಂಟ್ರಾಕ್ಟರ್ ಬೈಗುಳ ನಿಲ್ಲಿಸಿ ತಲೆ ಎತ್ತಿದ. ಅವನು ಅಷ್ಟು ಲೆಕ್ಕ ಹಾಕಿ ಬಾಗಿಸಿದ್ದ ಗೋಡೆಗಳು ಒಂದಕ್ಷರವನ್ನೂ ಕೆಳಗೆ ಬೀಳಲು ಬಿಡದೆ ಆ ಮಾತನ್ನು ಎತ್ತಿಕೊಂಡು ಮೂರನೇ ಮಹಡಿಯ ಆ ಖಾಲಿ ಅಂಚಿನವರೆಗೂ ಹೊತ್ತು ಹೋದವು.